ಥರ್ಮೋಸ್ಟಾಟ್ ಕಿತ್ತು ಹಾಕುವುದು ರಿಪೇರಿಯಲ್ಲ

ಮಾನ್ಯ ಸಂಪಾದಕರೇ,

ಎಂಜಿನ್ ಅತಿಯಾಗಿ ಬಿಸಿಯಾಗುವ ತೊಂದರೆ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ರೇಡಿಯೇಟರ್ ಕೊಳೆ ತೆಗೆಯುವುದು, ಫ್ಯಾನ್ ತಿರುಗುತ್ತಿದೆಯೇ ನೋಡುವುದು, ಕೂಲಂಟ್ (ಎಂಜಿನ್ ತಣಿಸಲು ಸುತ್ತುವ, ನೀರು ಬೆರೆತ ದ್ರವ) ಮಟ್ಟ ಗಮನಿಸುವುದು, ಎಲ್ಲವೂ ಸರಿಯಾಗಿತ್ತು. ಆದರೆ ಬರಹದ ಕೊನೆಗೆ ಒಂದು ಸಲಹೆ ಇತ್ತು. ಪದೇ ಪದೇ ಬಿಸಿಯಾಗುತ್ತಿದ್ದರೆ ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನು ತೆಗೆಸಿಬಿಡಿ, ಬಿಸಿಲಿನ ಊರುಗಳಲ್ಲಿ ಅದರ ಅಗತ್ಯವಿಲ್ಲ ಅಂತ. ಆ ಸಲಹೆಯ ಬಗ್ಗೆಯೇ ಈ ಪತ್ರ. ಪತ್ರಿಕೆಯಲ್ಲಿ ಬಂದಿದೆ ಎಂದು ನಂಬಿ ಜನ ಹಾಗೇ ಮಾಡಿಸಿಬಿಡುತ್ತಾರೆ. ಅದು ತಪ್ಪು ಸಲಹೆ.

ನಾನು ಮೆಕ್ಯಾನಿಕ್ ಅಲ್ಲ. ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿ. ಕಾರಿನ ಕೈಗೆಟುಕುವ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ನಮ್ಮದು ಬೇರೆಯವರಿಂದ ಕೊಂಡ ಹಳೆಯ ಪೆಟ್ರೋಲ್ ಕಾರು. ಕೊಂಡಾಗಿನಿಂದ ಅದರ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುತ್ತಲೇ ಇರಲಿಲ್ಲ. ಎಷ್ಟು ದೂರ ಓಡಿಸಿದರೂ ಕೆಳಗೇ ನಿಂತಿರುತ್ತಿತ್ತು. ಮೈಲೇಜ್ ಕಡಿಮೆ. ಹೀಟರ್ ಹಾಕಿದರೆ ಬರೀ ಉಗುರುಬೆಚ್ಚನೆ ಗಾಳಿ. ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬಿಳಿ ಕೆನೆಯಂಥ ಜಿಡ್ಡು ಅಂಟಿಕೊಂಡಿರುತ್ತಿತ್ತು. ಕಾರು ತಣ್ಣಗಿದೆ, ಒಳ್ಳೆಯದೇ ಅಲ್ವಾ ಎಂದು ಎಲ್ಲರೂ ಹೇಳುತ್ತಿದ್ದರು. ಥರ್ಮೋಸ್ಟಾಟ್ ಇರಬೇಕಾದ ಮನೆಯನ್ನು, ಅಂದರೆ ಅದನ್ನು ಕೂರಿಸುವ ಗೂಡನ್ನು, ಬಿಚ್ಚಿದಾಗ ಒಳಗೆ ಏನೂ ಇರಲಿಲ್ಲ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಕಿತ್ತು, ಖಾಲಿ ಮುಚ್ಚಿ ಕಳಿಸಿದ್ದರು. ಹಳೆಯ ಮಾಲೀಕರಿಗೂ ಆ ವಿಷಯ ಗೊತ್ತಿರಲಿಲ್ಲ.

ಥರ್ಮೋಸ್ಟಾಟ್ ಮಾಡುವ ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೆರೆಯ ತೂಬಿನ ಹಾಗೆ ಕೂತಿರುವ ಸಣ್ಣ ಸಾಮಾನು ಅದು. ಅದರ ಹೊಟ್ಟೆಯೊಳಗೆ ಒಂದು ಬಗೆಯ ಮೇಣ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಮೇಣ ಗಟ್ಟಿ, ಬಾಗಿಲು ಮುಚ್ಚಿರುತ್ತದೆ. ಆಗ ನೀರು ಎಂಜಿನ್ನಿನೊಳಗೇ ಸುತ್ತುತ್ತದೆ, ಬೇಗ ಬಿಸಿಯಾಗುತ್ತದೆ. ಬಿಸಿ ಏರಿದಂತೆ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆದು ನೀರು ರೇಡಿಯೇಟರಿಗೆ ಹರಿಯುತ್ತದೆ. ತಣಿದರೆ ಸ್ಪ್ರಿಂಗ್ ಮತ್ತೆ ಮುಚ್ಚುತ್ತದೆ. ವಿದ್ಯುತ್ ಬೇಡ, ವೈರ್ ಬೇಡ. ಎಷ್ಟು ಡಿಗ್ರಿಗೆ ತೆರೆಯಬೇಕು ಎಂಬುದನ್ನು ಸಾಮಾನ್ಯವಾಗಿ ಅದರ ಮೇಲೇ ಒತ್ತಿರುತ್ತಾರೆ. 82, 88 ಅಂತೆಲ್ಲ ಇರುತ್ತದೆ.

ಈಗ ನೋಡಿ, 82 ಡಿಗ್ರಿ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಎಂಜಿನ್ನಿಗೆ ಬೇಕಾದ ಬಿಸಿಯ ಅರ್ಧವೂ ಅದಲ್ಲ. ಹಾಗಿರುವಾಗ ಬಿಸಿಲಿನ ಊರಿಗೆ ಥರ್ಮೋಸ್ಟಾಟ್ ಬೇಡ ಎನ್ನುವ ಮಾತಿಗೆ ಏನು ಆಧಾರ? ಅದಿಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಹೋಗಿ ತಣಿಯುತ್ತಿರುತ್ತದೆ. ಎಂಜಿನ್ ಇನ್ನೂ ಬೆಚ್ಚಗಾಗಿಲ್ಲ ಎಂದು ಸೆನ್ಸರ್ ಹೇಳುತ್ತಲೇ ಇರುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಜಾಸ್ತಿ ಬಿಡುತ್ತಲೇ ಇರುತ್ತದೆ. ಸುಡದೆ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಯಿಂದ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಉರಿಯುವಾಗ ಹುಟ್ಟುವ ನೀರಾವಿ ಆಯಿಲಿನಲ್ಲಿ ಸೇರುತ್ತದೆ. ಎಂಜಿನ್ ಸರಿಯಾಗಿ ಕಾದರೆ ಆ ನೀರು ಹಾರಿಹೋಗುತ್ತದೆ, ಕಾಯದಿದ್ದರೆ ಅಲ್ಲೇ ಉಳಿಯುತ್ತದೆ. ನಮ್ಮ ಕಾರಿನ ಮುಚ್ಚಳದಲ್ಲಿ ಕಂಡ ಬಿಳಿ ಜಿಡ್ಡು ಅದೇ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ, ಸೋರದಂತೆ ಇಟ್ಟಿರುವ ಪದರ) ಹೋದಾಗಲೂ ಇಂಥ ಜಿಡ್ಡು ಕಾಣುತ್ತದೆ. ಕೂಲಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಆ ಅನುಮಾನ ಪಡಬೇಕು. ನಮ್ಮದರಲ್ಲಿ ಇಳಿಯುತ್ತಿರಲಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಬಿಸಿಯಾಗುವ ಕಾರಿನ ಥರ್ಮೋಸ್ಟಾಟ್ ಕಿತ್ತರೆ ಕೆಲವು ಎಂಜಿನ್ ಇನ್ನೂ ಜಾಸ್ತಿ ಬಿಸಿಯಾಗುತ್ತವೆ. ನೀರು ಬೇಗ ಹರಿದು ರೇಡಿಯೇಟರಿನಲ್ಲಿ ತಣಿಯಲು ಪುರಸೊತ್ತು ಸಿಗುವುದಿಲ್ಲ ಎಂದು ಇದಕ್ಕೆ ಕಾರಣ ಕೊಡುತ್ತಾರೆ. ಅದು ನಿಜವಲ್ಲ. ನೀರು ಬೇಗ ಹರಿದರೆ ಬಿಸಿ ಬೇಗ ಸಾಗುತ್ತದೆ, ಅಷ್ಟೇ. ನಿಜವಾದ ಕಾರಣ ಬೇರೆ. ಎಷ್ಟೋ ಥರ್ಮೋಸ್ಟಾಟುಗಳಲ್ಲಿ ಕೆಳಗಡೆ ಇನ್ನೊಂದು ಬಿಲ್ಲೆ ಇರುತ್ತದೆ. ರೇಡಿಯೇಟರಿನ ದಾರಿ ತೆರೆದಾಗ ಆ ಬಿಲ್ಲೆ ಬೈಪಾಸ್ ದಾರಿಯನ್ನು, ಅಂದರೆ ನೀರು ಎಂಜಿನ್ನಿನೊಳಗೇ ಸುತ್ತುವ ದಾರಿಯನ್ನು, ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಏರು ದಾರಿಯಲ್ಲಿ, ಪೂರ್ತಿ ಲೋಡಿನಲ್ಲಿ ಇದರ ಪರಿಣಾಮ ಕಾಣುತ್ತದೆ. ಆಗ ರೇಡಿಯೇಟರ್ ಬದಲಿಸಿ, ವಾಟರ್ ಪಂಪ್ ಬದಲಿಸಿ ಎಂದು ಸುಮ್ನೆ ಖರ್ಚು ಶುರುವಾಗುತ್ತದೆ.

ಹಾಳಾದ ಥರ್ಮೋಸ್ಟಾಟನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿಕೊಂಡೇ ಕೆಟ್ಟರೆ ಅದು ನಿಜಕ್ಕೂ ಅಪಾಯ. ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಕೆಂಪಿಗೆ ಹೋಗುತ್ತದೆ, ನಿಲ್ಲಿಸದೆ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗುತ್ತದೆ. ಅಂಥದ್ದನ್ನು ತೆಗೆಯಲೇಬೇಕು, ಆದರೆ ಆ ಜಾಗದಲ್ಲಿ ಹೊಸದನ್ನು ಹಾಕಬೇಕು. ಅಗ್ಗದ ಸಾಮಾನು ಅದು. ಎಷ್ಟೋ ಕಾರುಗಳಲ್ಲಿ ಮನೆಯಲ್ಲೇ ಬದಲಿಸಬಹುದು. ನಿಮ್ಮ ಬರಹದಲ್ಲಿ ಅದನ್ನು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ನಾನು ಮಾಡಿದ ರೀತಿಯನ್ನು ಬರೆಯುತ್ತೇನೆ. ಆಸಕ್ತಿ ಇದ್ದವರಿಗೆ ಉಪಯೋಗವಾಗಲಿ.

ಮೊದಲನೆಯದು, ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿಯಿಡೀ ನಿಂತ ಕಾರಾದರೆ ಒಳ್ಳೆಯದು. ಇದರಲ್ಲಿ ಆತುರ ಬೇಡವೇ ಬೇಡ. ರೇಡಿಯೇಟರಿನೊಳಗೆ ಒತ್ತಡ ಇರುತ್ತದೆ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡವಿದ್ದರೆ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆರೆದ ತಕ್ಷಣ ಒತ್ತಡ ಇಳಿಯುತ್ತದೆ, ನೀರು ಒಮ್ಮೆಲೇ ಕುದಿದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಪ್ರಯೋಗಾಲಯದಲ್ಲಿ ಹಬೆಯ ಸುಟ್ಟ ಗಾಯ ನೋಡಿದ್ದೇನೆ. ಬಿಸಿ ನೀರು ಬಿದ್ದದ್ದಕ್ಕಿಂತ ಅದು ಕೆಟ್ಟದ್ದು. ಬ್ಯಾಟರಿಯ ನೆಗೆಟಿವ್ ವೈರನ್ನೂ ಬಿಚ್ಚಿಡಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ.

ಕೂಲಂಟನ್ನು ಅಗಲವಾದ ಪಾತ್ರೆಗೆ ಇಳಿಸಿಕೊಳ್ಳಬೇಕು. ನೆಲಕ್ಕೆ, ಚರಂಡಿಗೆ ಬಿಡಬೇಡಿ. ಹೆಚ್ಚಿನ ಕೂಲಂಟಿನಲ್ಲಿ ಇಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ರುಚಿ ಸಿಹಿ, ಆದರೆ ಕಿಡ್ನಿ ಹಾಳುಮಾಡುವ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಪಾತ್ರೆಯನ್ನು ತೆರೆದಿಟ್ಟು ಒಳಗೆ ಹೋಗಲೇಬಾರದು. ಹಳೆಯ ಕೂಲಂಟನ್ನು ಕ್ಯಾನಿಗೆ ತುಂಬಿ, ಸರಿಯಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಕೊಡಿ.

ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಹಿಡಿದು ಹೋದರೆ ಎಂಜಿನ್ ತುದಿಯಲ್ಲಿ ಥರ್ಮೋಸ್ಟಾಟ್ ಮನೆ ಸಿಗುತ್ತದೆ. ಕೆಲವು ಕಾರುಗಳಲ್ಲಿ ಕೆಳಗಿನ ಹೋಸ್ ಕಡೆ ಇರುತ್ತದೆ. ಕ್ಲಿಪ್ ಸಡಿಲಿಸಿ, ಹೋಸ್ ಎಳೆದು, ಬೋಲ್ಟ್ ಬಿಚ್ಚಬೇಕು. ಬೋಲ್ಟ್ ತುಕ್ಕು ಹಿಡಿದು ಜಗ್ಗದಿದ್ದರೆ ಬಲ ಹಾಕಬೇಡಿ. ಒಳಗೆ ಮುರಿದರೆ ಕೆಲಸ ಹತ್ತು ಪಟ್ಟು ದೊಡ್ಡದಾಗುತ್ತದೆ. ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರಿನಿಂದ ಕೆರೆದರೆ ಅಲ್ಯೂಮಿನಿಯಂ ಗೀರುತ್ತದೆ, ಆಮೇಲೆ ಅಲ್ಲೇ ಸೋರುತ್ತದೆ.

ಹೊಸ ಥರ್ಮೋಸ್ಟಾಟನ್ನು ಹಾಕುವ ಮೊದಲು ಪರೀಕ್ಷಿಸಿ ನೋಡುವುದು ನನಗೆ ತುಂಬ ಮುಖ್ಯ. ಹೊಸದೆಂದ ಮಾತ್ರಕ್ಕೆ ಸರಿಯಿರಬೇಕೆಂದಿಲ್ಲ. ಅಡುಗೆಗೆ ಬಳಸದ ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟನ್ನು ದಾರದಲ್ಲಿ ನೇತುಹಾಕಿ. ತಳಕ್ಕೆ ತಾಗಬಾರದು, ತಳದ ಬಿಸಿ ನೀರಿನ ಬಿಸಿಗಿಂತ ಜಾಸ್ತಿ. ಪಕ್ಕದಲ್ಲೇ ಥರ್ಮಾಮೀಟರ್ ಇಳಿಬಿಡಿ. ನೀರನ್ನು ನಿಧಾನವಾಗಿ ಕಾಯಿಸುತ್ತ ಆಗಾಗ ಕಲಕುತ್ತಿರಿ. ಬೇಗ ಕಾಯಿಸಿದರೆ ನೀರು ಮುಂದೆ ಹೋಗುತ್ತದೆ, ಮೇಣ ಹಿಂದೆ ಉಳಿಯುತ್ತದೆ, ಲೆಕ್ಕ ತಪ್ಪುತ್ತದೆ. ಒತ್ತಿರುವ ಡಿಗ್ರಿಯ ಹತ್ತಿರ ಬಾಗಿಲು ಕೂದಲೆಳೆಯಷ್ಟು ಬಿಡಬೇಕು. ಅಲ್ಲಿಂದ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಆಚೆ ತೆಗೆದಿಟ್ಟರೆ ತಾನಾಗಿ ಮುಚ್ಚಬೇಕು. ನನ್ನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇದನ್ನು ತೋರಿಸಿದೆ. ಮೇಣ ಹಿಗ್ಗುವ ಬಲಕ್ಕೆ ಆ ಗಟ್ಟಿ ಸ್ಪ್ರಿಂಗ್ ಕುಗ್ಗುವುದನ್ನು ಅವಳು ಕಣ್ಣಾರೆ ನೋಡಿದಳು. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನಾನು ಮಾಡಿಲ್ಲ.

ಕೂರಿಸುವಾಗ ಮೇಣದ ಬುರುಡೆ ಇರುವ ಕಡೆ ಎಂಜಿನ್ನಿನತ್ತ ಇರಬೇಕು. ಅಂಚಿನಲ್ಲಿ ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಮೇಲಕ್ಕೆ ಬರಬೇಕು. ಒಳಗಿನ ಗಾಳಿ ಹೊರಹೋಗುವುದು ಆ ತೂತಿನಿಂದ. ಹೊಸ ಗ್ಯಾಸ್ಕೆಟ್ ಅಥವಾ ಓ ರಿಂಗ್ ಹಾಕಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡಿ.

ಆಮೇಲಿನದು ಗಾಳಿ ತೆಗೆಯುವ ಕೆಲಸ. ಹೆಚ್ಚಿನವರು ಆತುರಪಡುವುದು ಇಲ್ಲೇ. ಕೂಲಂಟಿನ ಬಣ್ಣ ನೋಡಿ ಕೊಳ್ಳಬೇಡಿ. ಕಾರಿನ ಪುಸ್ತಕದಲ್ಲಿ ಹೇಳಿರುವ ಬಗೆಯದನ್ನೇ ತನ್ನಿ, ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ನಿಧಾನವಾಗಿ ಸುರಿಯಿರಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವವರೆಗೆ ತೆರೆದಿಡಿ. ಮುಚ್ಚಳ ಹಾಕಿ, ಬಿಚ್ಚಿಟ್ಟ ಬ್ಯಾಟರಿ ವೈರ್ ಜೋಡಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಿ. ಮುಳ್ಳಿನ ಮೇಲೆ ಕಣ್ಣಿರಲಿ. ಥರ್ಮೋಸ್ಟಾಟ್ ಮೇಲಿನ ಹೋಸ್ ಕಡೆ ಇರುವ ಕಾರುಗಳಲ್ಲಿ ಆ ಹೋಸ್ ಮೊದಲು ತಣ್ಣಗೇ ಇದ್ದು, ಬಾಗಿಲು ತೆರೆದಾಗ ಬೇಗನೆ ಬಿಸಿಯಾಗುತ್ತದೆ. ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಫ್ಯಾನ್ ಒಮ್ಮೆ ತಿರುಗಿ ನಿಂತ ಮೇಲೆ ಎಂಜಿನ್ ಆರಿಸಿ, ಪೂರ್ತಿ ತಣಿದ ಮೇಲೆ ಮಟ್ಟ ನೋಡಿ ಕಡಿಮೆಯಾದಷ್ಟು ತುಂಬಿ.

ಎಲ್ಲ ಕಾರುಗಳಲ್ಲೂ ಇದು ಮನೆಯ ಕೆಲಸ ಅಲ್ಲ. ಕೆಲವು ಹೊಸ ಕಾರುಗಳಲ್ಲಿ ಥರ್ಮೋಸ್ಟಾಟಿಗೆ ವೈರ್ ಇರುತ್ತದೆ, ಕಂಪ್ಯೂಟರೇ ಅದನ್ನು ನಡೆಸುತ್ತದೆ. ಕೆಲವದರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಗುಂಪಿನ) ಹಿಂದೆ ಅಡಗಿರುತ್ತದೆ. ಅಂಥವನ್ನು ಬಲ್ಲವರಿಗೇ ಬಿಡಬೇಕು.

ನಮ್ಮ ಕಾರಿನ ಮುಳ್ಳು ಈಗ ಮಧ್ಯದಲ್ಲಿ ನಿಲ್ಲುತ್ತದೆ. ಹೀಟರಿನಿಂದ ಬಿಸಿ ಗಾಳಿ ಬರುತ್ತದೆ. ಆಯಿಲ್ ಬದಲಿಸಿದ ಮೇಲೆ ಆ ಬಿಳಿ ಜಿಡ್ಡು ಮತ್ತೆ ಬಂದಿಲ್ಲ, ಪೆಟ್ರೋಲೂ ಕಡಿಮೆ ಸಾಕು. ಆದರೆ ಥರ್ಮೋಸ್ಟಾಟ್ ಇಲ್ಲದೆ ಓಡಿದ ಕಾಲದಲ್ಲಿ ಎಂಜಿನ್ ಎಷ್ಟು ಸವೆದಿದೆಯೋ ಅದು ವಾಪಸ್ ಬರುವುದಿಲ್ಲ. ಇದೇ ನನಗೆ ನೋವಿನ ವಿಷಯ. ಕಿತ್ತವರು ಮಾಲೀಕರಿಗೆ ಒಂದು ಮಾತು ಹೇಳಿದ್ದರೂ, ಬಿಲ್ಲಿನಲ್ಲಿ ಒಂದು ಸಾಲು ಬರೆದಿದ್ದರೂ ಇಷ್ಟು ದಿನ ಹಾಗೇ ಓಡುತ್ತಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಆ ಬರಹದ ಕೊನೆಯ ಸಲಹೆಗೆ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಥರ್ಮೋಸ್ಟಾಟ್ ಕೆಟ್ಟಿದ್ದರೆ ಅದೇ ಡಿಗ್ರಿಯ ಹೊಸದನ್ನು ಹಾಕಿಸಿ, ಹಳೆಯದನ್ನು ಕೈಗೆ ಕೇಳಿ ಪಡೆಯಿರಿ ಎಂದು ಓದುಗರಿಗೆ ತಿಳಿಸಿ. ಹಳೆಯ ಕಾರು ಕೊಳ್ಳುವವರು ತಣ್ಣಗಿರುವ ಎಂಜಿನ್ನನ್ನು ತಾವೇ ಚಾಲೂ ಮಾಡಿ, ಮುಳ್ಳು ಮಧ್ಯಕ್ಕೆ ಬಂದು ನಿಲ್ಲುವವರೆಗೆ ಕಾದು ನೋಡಬೇಕು ಎಂಬುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು