ಆಪ್ ಜೊತೆಗೇ ಅಳಿಸಿಹೋದ ಬ್ಯಾಕಪ್: ಒಂದು ದೂರು

ಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ತೋಟದ ಲೆಕ್ಕದ ಆಪ್‌ನಲ್ಲಿ ಎರಡು ವರ್ಷದ ಲೆಕ್ಕ ಕಳೆದುಹೋದ ಬಗ್ಗೆ

ಮಾನ್ಯರೇ,

ನಾನು ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ. ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಕೂಲಿ, ಕೊಳೆರೋಗಕ್ಕೆ ಹೊಡೆಸಿದ ಬೋರ್ಡೋ ದ್ರಾವಣದ ಖರ್ಚು, ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಎಷ್ಟು, ಹಾಗೇ ಒಣಗಿಸಿದ ಚಾಲಿ ಅಡಿಕೆ ಎಷ್ಟು, ಯಾವ ದರಕ್ಕೆ ಹೋಯಿತು, ಎಲ್ಲವನ್ನೂ ನಿಮ್ಮ ಆಪ್‌ನಲ್ಲೇ ಬರೆಯುತ್ತಿದ್ದೆ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ನೆಟ್ ಇಲ್ಲದೆಯೂ ನಡೆಯುತ್ತದೆ ಅಂತಲೇ ಇದನ್ನು ಹಾಕಿಕೊಂಡಿದ್ದು.

ಕಳೆದ ವಾರ ಆಪ್ ತೆರೆದ ಕೂಡಲೇ ಮುಚ್ಚಿಹೋಗತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದರೆ, "ಆಪ್ ತೆಗೆದು ಮತ್ತೆ ಹಾಕಿಕೊಳ್ಳಿ ಸರ್" ಎಂದರು. ಲೆಕ್ಕ ಹೋಗುವುದಿಲ್ವಾ ಎಂದು ಕೇಳಿದೆ. "ಬ್ಯಾಕಪ್ ಮಾಡಿದ್ದೀರಲ್ಲ, ಏನೂ ಆಗಲ್ಲ" ಎಂದರು. ಮಾಡಿದ್ದೆ, ಪ್ರತಿ ಭಾನುವಾರ. 'ಬ್ಯಾಕಪ್ ಯಶಸ್ವಿ' ಎಂದು ಹಸಿರು ಟಿಕ್ ಕೂಡ ಬರುತ್ತಿತ್ತು. ಮತ್ತೆ ಹಾಕಿಕೊಂಡು ನೋಡಿದರೆ ಲೆಕ್ಕವೂ ಇಲ್ಲ, ಬ್ಯಾಕಪ್ಪೂ ಇಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗಳು ತನ್ನ ಫೋನಿಗೂ ಆಪ್ ಹಾಕಿ, ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಬ್ಯಾಕಪ್ ಫೈಲ್ ಬೀಳುವುದು 'ಆಂಡ್ರಾಯ್ಡ್/ಡೇಟಾ' ಒಳಗೆ, ನಿಮ್ಮ ಆಪ್‌ನದೇ ಫೋಲ್ಡರಿನಲ್ಲಿ! ಆಪ್ ತೆಗೆದರೆ ಫೋನು ಆ ಫೋಲ್ಡರನ್ನೂ ಅಳಿಸುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ ಬೇರೆ ಆಪ್‌ಗಳಿಗೆ ಅದರೊಳಗೆ ಹೋಗಲು ಬಿಡುವುದೂ ಇಲ್ಲ. ಹಾಗಾಗಿ ನಾನೇ ಒಂದು ನಕಲು ತೆಗೆದಿಡೋಣ ಎಂದರೂ ಸುಲಭವಿರಲಿಲ್ಲ.

ಈ ಗೋಡೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ಲೆಕ್ಕವನ್ನು ಇನ್ನೊಂದು ಆಪ್ ಇಣುಕಿ ನೋಡಬಾರದು, ಸರಿಯೇ. ಆದರೆ ಬ್ಯಾಕಪ್ಪನ್ನೂ ಗೋಡೆಯ ಒಳಗೇ ಇಟ್ಟರೆ ಅದು ಬ್ಯಾಕಪ್ ಹೇಗಾಯಿತು? ಡೌನ್‌ಲೋಡ್ಸ್ ಫೋಲ್ಡರಿಗೆ ಫೈಲ್ ಬರೆಯಲು ಆಂಡ್ರಾಯ್ಡ್ 10ರಿಂದ ಅನುಮತಿಯೂ ಬೇಕಿಲ್ಲವಂತೆ. ಎಲ್ಲಿ ಉಳಿಸಲಿ ಎಂದು ನನ್ನನ್ನೇ ಕೇಳುವ ವ್ಯವಸ್ಥೆಯೂ ಫೋನಿನಲ್ಲೇ ಇದೆ. ಕೇಳಿದ್ದರೆ ಮೆಮೊರಿ ಕಾರ್ಡ್ ತೋರಿಸುತ್ತಿದ್ದೆ.

ಮಾರಿದ್ದಕ್ಕೆ ಸೊಸೈಟಿಯ ಬಿಲ್‌ಗಳಿವೆ, ಹೇಗೋ ಕೂಡಿಸಿಕೊಳ್ಳುತ್ತೇನೆ. ಕೆಲಸದವರಿಗೆ ಕೊಟ್ಟ ಮುಂಗಡದ ಲೆಕ್ಕ ಎಲ್ಲಿಂದ ತರಲಿ? ಈಗ ಅವರು ಹೇಳಿದ್ದೇ ಲೆಕ್ಕ. ಪುಣ್ಯಕ್ಕೆ ಸುಳ್ಳು ಹೇಳುವವರಲ್ಲ.

ನಿಮ್ಮ ಸರ್ವರಿನಲ್ಲಿ ಏನಾದರೂ ಉಳಿದಿದ್ದರೆ ಕೊಡಿ. ಇಲ್ಲವಾದರೆ ಇಲ್ಲ ಎಂದು ಬರೆದು ತಿಳಿಸಿ, ಸುಮ್ನೆ ಕಾಯಿಸಬೇಡಿ. ಈ ವರ್ಷದ ಚಂದಾ ಹಣ ವಾಪಸ್ ಮಾಡಿ. ಬ್ಯಾಕಪ್ ಹೊರಗೆ ಬೀಳುವಂತೆ ಸರಿಮಾಡಿ. ಅಲ್ಲಿಯವರೆಗೆ ಆಪ್ ತೆಗೆಯಿರಿ ಎಂದು ಯಾರಿಗೂ ಹೇಳದಂತೆ ಸಹಾಯವಾಣಿಯವರಿಗೆ ಇವತ್ತೇ ತಿಳಿಸಿ. ಕೊನೆಕೊಯ್ಲು ಶುರುವಾಗಿದೆ. ನಮ್ಮೂರಲ್ಲೇ ಇನ್ನೂ ನಾಲ್ಕೈದು ಮನೆಯವರು ನಿಮ್ಮ ಆಪ್‌ನಲ್ಲಿ ಲೆಕ್ಕ ಬರೆಯುತ್ತಿದ್ದಾರೆ.

ಇತಿ,
ನಿಮ್ಮ ಚಂದಾದಾರ,
ಶಿರಸಿ ತಾಲೂಕು