ಗೋಲಿನ ಪಟ್ಟಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಒಲಿಂಪಿಕ್ಸ್ ಬಂದಾಗ ಕ್ರೀಡಾಪುಟದ ಮೂಲೆಯಲ್ಲಿ ಮಹಿಳಾ ವಾಟರ್ ಪೋಲೊಗೂ, ಅಂದರೆ ಕೊಳದಲ್ಲಿ ಈಜುತ್ತ ಕೈಯಿಂದ ಚೆಂಡೆಸೆದು ಗೋಲು ಹೊಡೆಯುವ ಆಟಕ್ಕೂ, ನಾಲ್ಕು ಸಾಲು ಸಿಗುತ್ತದೆ. ಯಾರು ಗೆದ್ದರು, ಯಾರು ಎಷ್ಟು ಗೋಲು ಹೊಡೆದರು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಅಮೆರಿಕದ ಮ್ಯಾಗಿ ಸ್ಟೆಫೆನ್ಸ್ 2012ರ ಲಂಡನ್ ಕೂಟದಲ್ಲಿ 21 ಗೋಲು ಹೊಡೆದರು, ಒಟ್ಟು ಮೂರು ಒಲಿಂಪಿಕ್ ಚಿನ್ನ ಗೆದ್ದರು, ಅದನ್ನು ಬರೆಯಲೇಬೇಕು. ಆದರೆ ಆಟಗಾರ್ತಿಯೊಬ್ಬಳು ಹತ್ತು ಹನ್ನೆರಡು ವರ್ಷ ತಂಡದಲ್ಲಿ ಉಳಿದದ್ದು ಯಾಕೆಂದು ಗೋಲಿನ ಪಟ್ಟಿ ಹೇಳುವುದಿಲ್ಲ.

ಸೆಂಟರ್ ಫಾರ್ವರ್ಡ್ ಸ್ಥಾನವನ್ನೇ ನೋಡಿ. ಎದುರಾಳಿ ಗೋಲಿನ ಎರಡು-ಮೂರು ಮೀಟರ್ ಮುಂದೆ, ಗೋಲಿಗೆ ಬೆನ್ನು ಹಾಕಿ ಆಕೆ ನೀರಲ್ಲಿ ಜಾಗ ಹಿಡಿದಿರುತ್ತಾಳೆ. ಬೆನ್ನಿಗಂಟಿ ಡಿಫೆಂಡರ್ ಇರುತ್ತಾಳೆ. ಚೆಂಡು ಕೈಯಲ್ಲಿ ಹಿಡಿದವಳ ಮೇಲೆ ಬೀಳಲು ಡಿಫೆಂಡರ್‌ಗೆ ಅವಕಾಶವಿದೆ. ಚೆಂಡು ಹಿಡಿಯದವಳನ್ನು ಎಳೆದರೆ, ಮುಳುಗಿಸಿದರೆ ಸ್ವಲ್ಪ ಹೊತ್ತು ಹೊರಹಾಕುತ್ತಾರೆ, ಅಷ್ಟು ಹೊತ್ತು ಆಟ ಆರು ಜನರ ಎದುರು ಐವರದ್ದಾಗುತ್ತದೆ. ಹಾಗಾಗಿ ಅನುಭವಿ ಸೆಂಟರ್ ಚೆಂಡನ್ನು ಬಿಗಿಯಾಗಿ ಹಿಡಿಯುವುದಿಲ್ಲ; ಕೈಗೆಟುಕುವ ದೂರದಲ್ಲಿ ತೇಲಲು ಬಿಟ್ಟು, ಹಿಂದಿನವಳು ತನ್ನನ್ನು ಹಿಡಿದೆಳೆಯುವಂತೆ ಮಾಡುತ್ತಾಳೆ. ಹೊಸಬರು ಗಾಬರಿಯಿಂದ ಚೆಂಡನ್ನು ಅಪ್ಪಿಕೊಳ್ಳುತ್ತಾರೆ, ಸೀಟಿ ಊದುವುದೇ ಇಲ್ಲ. ಹೀಗೆ ಮೂರು ಸಲ ಹೊರಬಿದ್ದ ಡಿಫೆಂಡರ್ ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿಲ್ಲ. ಎದುರಾಳಿಯ ಒಳ್ಳೆಯ ಡಿಫೆಂಡರ್ ಅನ್ನು ದಡ ಸೇರಿಸಿದವಳ ಹೆಸರಿನ ಮುಂದೆ ಮಾತ್ರ ಸೊನ್ನೆ!

ಇದಕ್ಕೆಲ್ಲ ಕಾಲೇ ಆಧಾರ. ಬ್ರೆಸ್ಟ್‌ಸ್ಟ್ರೋಕ್‌ನಂತೆ ಎರಡೂ ಕಾಲು ಒಟ್ಟಿಗೆ ಒದ್ದರೆ ದೇಹ ಏರಿ ಇಳಿಯುತ್ತದೆ. ಎಗ್‌ಬೀಟರ್ ಒದೆತದಲ್ಲಿ ಮೊಣಕಾಲು ಅಗಲಿಸಿ, ತೊಡೆಯನ್ನು ನೀರಿನ ಮಟ್ಟದತ್ತ ಎತ್ತಿಟ್ಟು, ಒಂದಾದ ಮೇಲೊಂದು ಕಾಲನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತಾರೆ, ಹಾಗಾಗಿ ದೇಹ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಈಜಿನಿಂದ ಬಂದವರಿಗೆ ವೇಗವಿದ್ದರೂ ಸೊಂಟದ ಕೀಲು ಅಷ್ಟು ತೆರೆದುಕೊಳ್ಳುವುದಿಲ್ಲ. ಮೊಣಕಾಲು ಕೆಳಗಿಳಿಯುತ್ತದೆ, ಎದೆ ನೀರಿಗಿಳಿಯುತ್ತದೆ, ಆಮೇಲೆ ಎಸೆತದ ಬಲವನ್ನೆಲ್ಲ ಭುಜದಿಂದಲೇ ತರಬೇಕು. 400ರಿಂದ 450 ಗ್ರಾಂ ತೂಕದ ಚೆಂಡನ್ನು ಹಾಗೆ ವರ್ಷಗಟ್ಟಲೆ ಎಸೆದರೆ ಭುಜ ಉಳಿದೀತೇ? ಕಾಲು ನೆಲಕ್ಕೆ ತಾಗುವ ಕೊಳದಲ್ಲಿ ಕಲಿಸುವುದೂ ಇದೇ ಕಾರಣಕ್ಕೆ ತಪ್ಪು; ಅಲ್ಲಿ ನಿಂತು ಆಡಿದವರಿಗೆ ಈ ಒದೆತ ಬರುವುದಿಲ್ಲ.

ಗೋಲ್‌ಕೀಪರ್ ಪಾಡೂ ಬೇರೆಯಲ್ಲ. 3 ಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಗೋಲನ್ನು ಆಕೆ ಕಾಲಿನ ಬಲದಿಂದಲೇ ಕಾಯಬೇಕು.

ಇನ್ನು ಹಣ. ಪುರುಷರ ವಾಟರ್ ಪೋಲೊ 1900ರಲ್ಲೇ ಒಲಿಂಪಿಕ್ಸ್ ಸೇರಿತು, ಮಹಿಳೆಯರದ್ದು ಸೇರಲು 2000ದ ಸಿಡ್ನಿ ಕೂಟ ಬರಬೇಕಾಯಿತು. ಅಲ್ಲಿನ ಫೈನಲ್ ಅನ್ನು ಯವೆಟ್ ಹಿಗಿನ್ಸ್ ಕೊನೆಯ 1.3 ಸೆಕೆಂಡಿನಲ್ಲಿ ಹೊಡೆದ ಗೋಲಿನಿಂದ ಆಸ್ಟ್ರೇಲಿಯಾ 4-3ರಲ್ಲಿ ಗೆದ್ದಿತು. ಅಷ್ಟು ರೋಚಕ ಆರಂಭ ಸಿಕ್ಕರೂ ಆಟಗಾರ್ತಿಯರ ಜೇಬು ತುಂಬಲಿಲ್ಲ. 2024ರ ಪ್ಯಾರಿಸ್ ಕೂಟಕ್ಕೆ ಮುನ್ನ, ಸತತ ಮೂರು ಚಿನ್ನ ಗೆದ್ದ ತಂಡದ ನಾಯಕಿ ಸ್ಟೆಫೆನ್ಸ್ ಅವರೇ ತಮ್ಮ ಜೊತೆಗಾರ್ತಿಯರು ಎರಡನೆಯ, ಮೂರನೆಯ ಕೆಲಸ ಮಾಡುತ್ತಿರುವುದನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರು. ಅದನ್ನು ನೋಡಿ ಪ್ರಾಯೋಜಕನಾಗಿ ಬಂದದ್ದು ಫ್ಲೇವರ್ ಫ್ಲಾವ್ ಎಂಬ ರ‍್ಯಾಪ್ ಗಾಯಕ. ಗೋಲು ಹೊಡೆಯುವವರಿಗೇ ಈ ಗತಿಯಾದರೆ, ಹೆಸರೇ ಅಚ್ಚಾಗದ ಡಿಫೆಂಡರ್ ಅನ್ನು ಯಾವ ಪ್ರಾಯೋಜಕ ಹುಡುಕಿಕೊಂಡು ಬಂದಾನು?

ಹಾಗಾಗಿ ಒಂದು ಕೋರಿಕೆ. ಫಲಿತಾಂಶದ ಕೆಳಗೆ ಗೋಲ್‌ಕೀಪರ್ ತಡೆದ ಎಸೆತಗಳು, ಕಸಿದ ಚೆಂಡುಗಳು, ಹೆಚ್ಚುವರಿ ಆಟಗಾರ್ತಿ ಇದ್ದಾಗ ಬಂದ ಗೋಲುಗಳು, ಇವಿಷ್ಟನ್ನು ಒಂದು ಸಾಲಿನಲ್ಲಿ ಕೊಡಿ. ದೊಡ್ಡ ಕೂಟಗಳ ಅಧಿಕೃತ ಅಂಕಪಟ್ಟಿಯಲ್ಲಿ ಇವು ಇದ್ದೇ ಇರುತ್ತವೆ. ಜಾಗ ಸಾಲದಿದ್ದರೆ ಗೋಲು ಹೊಡೆದವರ ಫೋಟೊವನ್ನು ಒಂದಿಷ್ಟು ಸಣ್ಣದು ಮಾಡಬಹುದು.

– ವಾಟರ್ ಪೋಲೊ ತರಬೇತುದಾರರು