ಜಂಬೂರಿನ ಮನೆಗಳ ಬಗ್ಗೆ ಬರೆಯಹೊರಟವರಿಗೆ

ಮಡಿಕೇರಿ

ಪ್ರಿಯ ಕಿರಿಯ ಮಿತ್ರರಿಗೆ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಬರಹದ ಕರಡೂ ತಲುಪಿದವು. ಕೊಡಗಿನ ಗುಡ್ಡ ಕುಸಿತದಲ್ಲಿ ಮನೆ ಕಳೆದುಕೊಂಡವರಿಗೆಂದು ಜಂಬೂರಿನಲ್ಲಿ ಕಟ್ಟಿದ ಪುನರ್ವಸತಿ ಬಡಾವಣೆಯ ದಿನನಿತ್ಯದ ಬದುಕನ್ನು ದಾಖಲಿಸಬೇಕೆಂಬ ನಿಮ್ಮ ಯೋಚನೆ ನನಗೆ ಹಿಡಿಸಿತು. ಆದರೆ ಕರಡಿನ ಬಹುಪಾಲು 2018ರ ಆಗಸ್ಟ್ ತಿಂಗಳ ಮಳೆಗೆ, ಕುಸಿದ ಗುಡ್ಡಗಳಿಗೆ, ಪರಿಹಾರ ಕೇಂದ್ರಗಳಿಗೆ ಮೀಸಲಾಗಿದೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಕಡೆ ಆಗ ನಡೆದದ್ದನ್ನು ಪತ್ರಿಕೆಗಳು ಸಾಕಷ್ಟು ಬರೆದಿವೆ. ಮನೆಗಳನ್ನು ಹಸ್ತಾಂತರಿಸಿದ್ದು 2020ರ ಜೂನ್‌ನಲ್ಲಿ. ನೀವು ಬರೆಯಬೇಕಾದದ್ದು ಶುರುವಾಗುವುದೇ ಅಲ್ಲಿಂದ. ಗುಡ್ಡ ಕುಸಿದ ಆ ಕೆಲವು ದಿನಗಳಲ್ಲೇ ಬಡಾವಣೆಯ ಜನರನ್ನು ನಿಲ್ಲಿಸಿಬಿಟ್ಟರೆ, ಆಮೇಲೆ ಅವರು ಬಾಳಿದ ವರ್ಷಗಳಿಗೆ ನಿಮ್ಮ ಪುಸ್ತಕದಲ್ಲಿ ಜಾಗವೇ ಉಳಿಯುವುದಿಲ್ಲ.

ಮೊದಲು ಆ ಮನೆಗಳ ಮೂಲ ನಕ್ಷೆಯ ಪ್ರತಿಯೊಂದನ್ನು ಸಂಪಾದಿಸಿಕೊಳ್ಳಿ. ಒಂದೇ ನಕ್ಷೆಯಂತೆ ಸಾಲಾಗಿ ಎದ್ದ ಮನೆಗಳಲ್ಲಿ ಒಬ್ಬೊಬ್ಬರೂ ಏನನ್ನು ಸೇರಿಸಿದ್ದಾರೆ, ಏನನ್ನು ಮುಚ್ಚಿದ್ದಾರೆ, ಯಾವ ಕೋಣೆಯನ್ನು ಯಾವುದಕ್ಕೆ ಬಳಸುತ್ತಿದ್ದಾರೆ ಎಂಬುದನ್ನು ಆ ನಕ್ಷೆಯ ಮೇಲೆಯೇ ಗುರುತು ಹಾಕುತ್ತ ಹೋಗಿ. ಸ್ನಾನದ ನೀರಿಗೆ ಹಂಡೆಯ ಒಲೆ ಇಲ್ಲದೆ ನಮ್ಮ ಮಳೆಗಾಲ ಸಾಗುವುದು ಕಷ್ಟ. ಹಾಗಾದರೆ ಒಲೆ ಎಲ್ಲಿದೆ, ಜೂನ್‌ಗೆ ಮೊದಲೇ ಒಟ್ಟಿಡಬೇಕಾದ ಸೌದೆ ಎಲ್ಲಿದೆ, ತಿಂಗಳುಗಟ್ಟಲೆ ಬಿಸಿಲು ಕಾಣದ ಬಟ್ಟೆಗಳು ಒಣಗುವುದೆಲ್ಲಿ? ತೋಟದ ಮನೆಯ ಮುಂದೆ ಕಣವಿರುತ್ತಿತ್ತು, ಕಾಫಿಯೂ ಕರಿಮೆಣಸೂ ಅಲ್ಲಿ ಹರಡಿಕೊಳ್ಳುತ್ತಿದ್ದವು. ಬಡಾವಣೆಯ ಮನೆಗೆ ಕಣವೆಂಬುದಿಲ್ಲ. ಫಸಲನ್ನು ಹಸಿಯಾಗಿಯೇ ಮಾರುತ್ತಾರೆಯೇ, ಯಾರದಾದರೂ ಅಂಗಳವನ್ನು ಕೇಳಿ ಪಡೆಯುತ್ತಾರೆಯೇ, ಹಳೆಯ ಜಾಗದಲ್ಲಿಯೇ ಒಣಗಿಸಿ ಕಾವಲು ಕೂರುತ್ತಾರೆಯೇ ಎಂದು ವಿಚಾರಿಸಿದರೆ ಒಂದು ಕುಟುಂಬದ ಆದಾಯವೂ ಅದರ ನೆಂಟಸ್ತಿಕೆಗಳೂ ನಿಮಗೆ ಒಟ್ಟಿಗೇ ತಿಳಿದುಬರುತ್ತವೆ.

ಮನೆ ಇಲ್ಲಿದ್ದು ತೋಟ ಗುಡ್ಡದ ಮೇಲೆಯೇ ಉಳಿದಿರುವವರ ಜೊತೆ ಒಂದು ಇಡೀ ಕೊಯ್ಲಿನ ಕಾಲ ಓಡಾಡಿ. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ ಹಣ್ಣಾಗುತ್ತ ಬರುತ್ತದೆ, ಅದರ ಬೆನ್ನಿಗೇ ಮೆಣಸಿನ ಕೆಲಸ ಬರುತ್ತದೆ. ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಜೀಪಿನ ಬಾಡಿಗೆಯನ್ನು ಹೇಗೆ ಹಂಚಿಕೊಳ್ಳುತ್ತಾರೆ, ಆಳುಗಳಿಗೆ ಸಂಬಳ ಕೊಟ್ಟ ಮೇಲೆ ಏನು ಉಳಿಯುತ್ತದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ನೀರಸವೆಂದು ನಿಮಗೆ ಅನ್ನಿಸಬಹುದು. ಬರೆದಿಡಿ. ನಾನು ಓದುಗನಾಗಿ ಇಂಥ ಪುಸ್ತಕಗಳಲ್ಲಿ ಹುಡುಕುವುದು ಇವನ್ನೇ, ಸಿಗುವುದು ಮಾತ್ರ ಹೆಚ್ಚಾಗಿ ಸೂರ್ಯಾಸ್ತದ ವರ್ಣನೆ.

ಸಿಂಗಪುರದ ಸರ್ಕಾರಿ ವಸತಿ ಸಮುಚ್ಚಯಗಳ ದಾಖಲೆಗಳನ್ನು ಮಾದರಿಯಾಗಿ ಇಟ್ಟುಕೊಂಡಿರುವುದಾಗಿ ಬರೆದಿದ್ದೀರಿ. ಅಲ್ಲಿಂದ ತರಬಹುದಾದ ಪ್ರಶ್ನೆಯೊಂದಿದೆ. 1960ರಲ್ಲಿ ಸ್ಥಾಪನೆಯಾದ ಅಲ್ಲಿನ ವಸತಿ ಮಂಡಳಿಯು ಅನೇಕ ಕಟ್ಟಡಗಳ ನೆಲಮಹಡಿಯನ್ನು ಗೋಡೆಗಳಿಲ್ಲದೆ ತೆರೆದು ಬಿಟ್ಟಿದೆ. ಮಲಯ ಕುಟುಂಬಗಳ ಮದುವೆಯೂ ಚೀನೀ ಕುಟುಂಬಗಳ ಸಾವಿನ ವಿಧಿಗಳೂ ಆ ಜಾಗದಲ್ಲಿ ನಡೆಯುತ್ತವೆ. ನಮ್ಮ ಬಡಾವಣೆಯಲ್ಲಿ ಇವು ನಡೆಯುವುದೆಲ್ಲಿ? ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತರಲು ಯಾವ ಗದ್ದೆಗೆ ಇಳಿಯುತ್ತಾರೆ, ತಂದ ಕದಿರನ್ನು ಕುಲದ ಮೂಲಮನೆಯಾದ ಐನ್‌ಮನೆಗೆ ಒಯ್ಯುತ್ತಾರೋ ಹೊಸ ಮನೆಯ ಬಾಗಿಲಿಗೆ ಕಟ್ಟುತ್ತಾರೋ? ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಪಾಯಸವನ್ನು ನೇರಳೆ ಬಣ್ಣಕ್ಕೆ ತಿರುಗಿಸುವ ಮದ್ದು ಸೊಪ್ಪು ಈಗ ಎಲ್ಲಿ ಸಿಗುತ್ತದೆ? ಯಾರಾದರೂ ಗಿಡವನ್ನೇ ತಂದು ಹಿತ್ತಿಲಲ್ಲಿ ನೆಟ್ಟಿದ್ದರೆ ಅದನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಹಾಗೆಂದು ಕೊಡವರ ಮನೆಗಳಿಗಷ್ಟೇ ಹೋಗಿ ಬರಬೇಡಿ. ಅರೆಭಾಷೆಯ, ತುಳುವಿನ, ಮಲಯಾಳದ ಮನೆಗಳಲ್ಲಿ ಇವೇ ಪ್ರಶ್ನೆಗಳಿಗೆ ಬೇರೆ ಉತ್ತರ ಬರಬಹುದು. ಆಡಿದ ಮಾತನ್ನು ಆಡಿದ ಭಾಷೆಯಲ್ಲಿಯೇ ಟಿಪ್ಪಣಿ ಮಾಡಿಕೊಂಡು, ಕನ್ನಡಕ್ಕೆ ತರುವ ಕೆಲಸವನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ತೋಟಗಳ ಲೈನ್‌ಮನೆಗಳನ್ನೂ ಸೇರಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಅವು ತೋಟದ ಮಾಲೀಕರು ಕಾರ್ಮಿಕರಿಗೆ ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ವಿಧಿಸಿದ್ದ ವಸತಿಗಳು. ಕೆಲಸ ಹೋದರೆ ಮನೆಯೂ ಹೋಗುತ್ತದೆಂಬ ಭಯದಲ್ಲಿ ನಡೆಯುವ ಆ ಬದುಕಿಗೆ ಬೇರೆಯದೇ ಪುಸ್ತಕ ಬೇಕು. ಹೋಲಿಕೆಗೆ ಏನಾದರೂ ಬೇಕೆಂದರೆ ಕುಶಾಲನಗರದ ಹತ್ತಿರದ ಬಸವನಹಳ್ಳಿಗೂ ಬ್ಯಾಡಗೊಟ್ಟಕ್ಕೂ ಹೋಗಿ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಿಂದ ಒಕ್ಕಲೆಬ್ಬಿಸಲಾದ ಆದಿವಾಸಿ ಕುಟುಂಬಗಳಿಗೆ ಸರ್ಕಾರ ಮನೆ ಕಟ್ಟಿಕೊಟ್ಟಿರುವುದು ಅಲ್ಲಿ. ಕಾಡಂಚಿನ ಹಾಡಿಯಿಂದ ಬಂದವರೂ ಕಾಫಿ ತೋಟದಿಂದ ಬಂದವರೂ ಸರ್ಕಾರದ ಗೋಡೆಗಳನ್ನು ಹೇಗೆ ತಮ್ಮದಾಗಿ ಮಾಡಿಕೊಳ್ಳುತ್ತಾರೆಂದು ಅಕ್ಕಪಕ್ಕ ಇಟ್ಟು ನೋಡಬಹುದು.

ಇನ್ನು ಹೆಸರುಗಳ ವಿಚಾರ. ಹಕ್ಕುಪತ್ರದ ತೊಡಕು, ಅಣ್ಣತಮ್ಮಂದಿರ ಪಾಲಿನ ಜಗಳ, ಮನೆಯನ್ನು ಬಾಡಿಗೆಗೆ ಕೊಟ್ಟವರ ಸಂಗತಿ ಇವೆಲ್ಲ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತವೆ. ಮನೆ ಸಂಖ್ಯೆಯೊಂದನ್ನು ಅಚ್ಚು ಹಾಕಿದರೆ ಸಾಕು, ಸಾಲುಮನೆಗಳ ಊರಿನಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೆಸರು, ಸಂಖ್ಯೆ, ಗುರುತು ಹಿಡಿಯಬಹುದಾದ ನೆಂಟಸ್ತಿಕೆ ಮೂರನ್ನೂ ಬಿಟ್ಟು ಬರೆಯಿರಿ. ಅಧ್ಯಾಯ ಸಿದ್ಧವಾದಾಗ ಪ್ರಕಾಶಕರಿಗೆ ಕಳುಹಿಸುವ ಮೊದಲು ಆ ಮನೆಯವರ ಮುಂದೆ ಕುಳಿತು ಓದಿ ಹೇಳಿ. ಓದು ಬಾರದ ಅಜ್ಜಿಯಿದ್ದರೆ ಅವರಿಗೆ ಅವರ ಮಾತಿನಲ್ಲಿಯೇ ಹೇಳಿ. ತೆಗೆಯಿರಿ ಎಂದದ್ದನ್ನು ಚರ್ಚೆಯಿಲ್ಲದೆ ತೆಗೆದುಬಿಡಿ. ಹೀಗೆ ಓದಿದ ಮೇಲೆ ಉಳಿದ ಕರಡನ್ನು ನನಗೆ ಕಳುಹಿಸಿ, ಅಲ್ಲಿಯವರೆಗೆ ಬೇಡ.

ಇತಿ ನಿಮ್ಮ ಹಿತೈಷಿ